ಸಹಾಯ ಬೇಕು: ಗ್ರಾಫಿಕ್ಸ್ ಕಾರ್ಡ್ ಹೋಗಿದೆಯಾ, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಹೋಗಿದೆಯಾ?

ನಮ್ಮ ಮನೆ ಮಲ್ಪೆಯಲ್ಲಿ. ಇಲ್ಲಿನ ಉಪ್ಪುಗಾಳಿಗೆ ಬಾಗಿಲ ಚಿಲಕವೇ ತುಕ್ಕು ಹಿಡಿಯುತ್ತದೆ, ಇನ್ನು 2014ರ ಕಂಪ್ಯೂಟರ್ ಯಾವ ಲೆಕ್ಕ! ಒಂದು ವಾರದಿಂದ ಸ್ಕ್ರೀನ್ ತುಂಬಾ ಹಸಿರು ಚುಕ್ಕಿ, ಅಡ್ಡಗೆರೆ. ಗೇಮ್ ಹಾಕಿದ ಹತ್ತು ನಿಮಿಷಕ್ಕೆ ಸ್ಕ್ರೀನ್ ಕಪ್ಪು, ಸೌಂಡ್ ಮಾತ್ರ ಬರ್ತಾ ಇರುತ್ತದೆ.

ಕಾರ್ಡ್ ಬಿಚ್ಚಿ ಧೂಳು ತೆಗೆದೆ. ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿದೆ, ರಬ್ಬರೆಲ್ಲ ಕಪ್ಪಾಯಿತು. ಹೊಸ ಥರ್ಮಲ್ ಪೇಸ್ಟ್, ಹೊಸ ಡ್ರೈವರ್, ಬೇರೆ ಕೇಬಲ್, ಎಲ್ಲಾ ಆಯಿತು. ಬಿಸಿ 65 ಡಿಗ್ರಿ ದಾಟುವುದಿಲ್ಲ.

ಕಾರ್ಡ್ ತೆಗೆದು ಮದರ್‌ಬೋರ್ಡಿನ ಪೋರ್ಟಿಗೆ ಮಾನಿಟರ್ ಹಾಕಿದರೆ ಏನೂ ತೊಂದರೆ ಇಲ್ಲ. ಹಾಗಾದರೆ ಕಾರ್ಡೇ ಹೋಗಿದೆ ಅಲ್ವಾ? ಆದರೆ ಕಾರ್ಡ್ ಇಲ್ಲದಾಗ ಎಸ್‌ಎಂಪಿಎಸ್ ಮೇಲೆ ಲೋಡ್ ಕೂಡ ಕಡಿಮೆ. ಅಲ್ಲೇ ಗೊಂದಲ. ಸುಮ್ನೆ ಹೊಸ ಎಸ್‌ಎಂಪಿಎಸ್‌ಗೆ ದುಡ್ಡು ಹಾಕದೆ, ತಪ್ಪು ಯಾವುದರದ್ದು ಅಂತ ಮನೆಯಲ್ಲೇ ಪತ್ತೆ ಮಾಡುವುದು ಹೇಗೆ?