ಪೈಪಿನ ವಾಸನೆ ಬಗ್ಗೆ ಕಿರಣನಿಗೆ

ಕಿರಣಾ, ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಕೇಳು. ಹೈದರಾಬಾದಿನ ಜುಮ್ಮೇರಾತ್ ಬಜಾರಿನಲ್ಲಿ ತಂಬಾಕು ಸೇದುವ ಎರಡು ಹಳೆ ಪೈಪು ತಂದೆ, ಶೋಕೇಸಿನಲ್ಲಿ ಇಟ್ಟರೆ ಒಳಗಿನ ಪುಸ್ತಕಕ್ಕೂ ತಂಬಾಕಿನ ವಾಸನೆ ಹತ್ತಿದೆ, ಅಮ್ಮ ಹೊರಗೆ ಬಿಸಾಕು ಅಂತಿದ್ದಾಳೆ, ಏನು ಮಾಡಲಿ ಮಾಮಾ ಅಂತ ಕೇಳಿದ್ದೀಯ. ಅಷ್ಟರಲ್ಲಿ ಗ್ರೂಪಿನಲ್ಲಿ ವೀಣಾ ಡೆಟಾಲ್ ಅಂದಳು, ಶಾಂತಕ್ಕ ಹುಣಸೆಹಣ್ಣಿನ ನೀರು ಅಂದರು, ಮಲ್ಲಣ್ಣ ರಮ್ಮಿನಲ್ಲಿ ನೆನೆಹಾಕು ಅಂದರು. ಈ ಮೂರನ್ನೂ ಸದ್ಯಕ್ಕೆ ಬದಿಗಿಡು. ಯಾಕೆ ಅಂತ ಹೇಳುತ್ತೇನೆ.

ಮೊದಲೇ ಒಂದು ಮಾತು. ಸೇದುವುದಕ್ಕಲ್ಲ, ಇಡುವುದಕ್ಕೆ ಅಂತ ಬರೆದಿದ್ದೀಯ, ಓದಿ ಸಮಾಧಾನವಾಯಿತು. ಪೈಪಿನ ಹೊಗೆ ಎದೆಗೆ ಎಳೆಯುವುದಿಲ್ಲ, ಅದರಿಂದ ಏನೂ ಆಗಲ್ಲ ಅನ್ನುವವರಿದ್ದಾರೆ. ನಂಬಬೇಡ. ತುಟಿ, ಬಾಯಿ, ಗಂಟಲಿನ ಕ್ಯಾನ್ಸರ್ ಪೈಪಿನಿಂದಲೂ ಬರುತ್ತದೆ. ಪೈಪು ಎಷ್ಟು ಚೊಕ್ಕವಾದರೂ ಅದು ಬದಲಾಗುವುದಿಲ್ಲ.

ಈಗ ವಾಸನೆ. ಅದು ಒಂದೇ ಕಡೆ ಇರುವುದಿಲ್ಲ. ತಂಬಾಕು ತುಂಬುವ ಬೌಲಿನ ಒಳಗೋಡೆಗೆ ಕರಿ ಪದರ ಕಟ್ಟಿರುತ್ತದೆ, ಅಲ್ಲೊಂದಿಷ್ಟು. ಬೌಲಿನಿಂದ ಕೊಳವೆಗೆ ಹೋಗುವ ಮರದ ಕತ್ತಿನಲ್ಲಿ ಅಂಟಂಟು ಜಿಡ್ಡು ಕೂತಿರುತ್ತದೆ. ಹೆಚ್ಚು ನಾರುವುದು ಅದೇ, ಆದರೆ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಎಲ್ಲರೂ ಬೌಲನ್ನೇ ಕೆರೆಯುತ್ತಾ ಕೂರುತ್ತಾರೆ. ಮೂರನೆಯದು ಬಾಯಿಗೆ ಇಡುವ ಕೊಳವೆ. ಕೊನೆಯದು ಮರ. ಇಂಗಿನ ಡಬ್ಬಿ ತೊಳೆದು ಒರೆಸಿಟ್ಟರೂ ಮುಚ್ಚಳ ತೆಗೆದರೆ ಇಂಗೇ ಅಲ್ವಾ, ಮರದೊಳಗೆ ಇಳಿದ ವಾಸನೆಯೂ ಹಾಗೇ. ಅದಕ್ಕೇ ಕೊಳವೆ ಬಿಚ್ಚಿ, ಕೊಳವೆಯನ್ನೂ ಮರದ ಭಾಗವನ್ನೂ ಬೇರೆ ಬೇರೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ ರಾತ್ರಿ ಮುಚ್ಚಿಡು. ಬೆಳಿಗ್ಗೆ ತೆಗೆದು ಮೂಸಿ ನೋಡು. ಯಾವುದು ಜಾಸ್ತಿ ನಾರುತ್ತದೋ ಅಲ್ಲಿಂದ ಕೆಲಸ ಶುರು ಮಾಡು.

ಕೊಳವೆ ಬಿಚ್ಚುವಾಗ ಬೌಲು ಹಿಡಿದು ಎಳೆಯಬೇಡ, ಕತ್ತನ್ನು ಹಿಡಿದು ಮೆಲ್ಲಗೆ ತಿರುಗಿಸು. ಬರದಿದ್ದರೆ ಒಂದು ಕವರಿನಲ್ಲಿ ಸುತ್ತಿ ಅರ್ಧ ಗಂಟೆ ಫ್ರೀಜರಿನಲ್ಲಿ ಇಡು. ಕೊಳವೆ ಕುಗ್ಗಿ ಸಡಿಲವಾಗುತ್ತದೆ. ನಮ್ಮ ರಾಯಚೂರಿನ ಬೇಸಿಗೆಯಲ್ಲಿ ಎಲ್ಲಾ ಹಿಗ್ಗಿ ಬಿಗಿದುಕೊಂಡಿರುತ್ತದೆ, ಬಲ ಹಾಕಿದರೆ ಕತ್ತು ಸೀಳುತ್ತದೆ. ಸೀಳಿದ ಕತ್ತು ಮತ್ತೆ ಕೂಡುವುದು ಕಷ್ಟ.

ನಿನ್ನ ಪೈಪಿನ ಮರ ನಮ್ಮ ಕಡೆಯದಲ್ಲ. ಬ್ರೈಯರ್ ಅಂತಾರೆ, ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುವ ಒಂದು ಪೊದೆಯ ಬೇರಿನ ಗಂಟು ಅದು. ಗಂಟನ್ನು ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಕೊರೆಯುತ್ತಾರೆ. ಅದಕ್ಕೇ ಬಿಸಿ ತಡೆಯುತ್ತದೆ. ಫ್ರಾನ್ಸಿನ ಸೇಂಟ್ ಕ್ಲೋಡ್ ಊರಿನಲ್ಲಿ 1850ರ ದಶಕದಿಂದ ಈ ಮರದ ಪೈಪು ಮಾಡುತ್ತಿದ್ದಾರೆ. ಬಿಸಿ ತಡೆದರೂ ಅದು ಮರವೇ. ನೀರು ಕುಡಿದರೆ ಉಬ್ಬುತ್ತದೆ. ಹುಣಸೆಹಣ್ಣು ಹಿತ್ತಾಳೆಗೆ ಸರಿ, ಇದಕ್ಕಲ್ಲ, ಶಾಂತಕ್ಕ ಬೇಜಾರು ಮಾಡಿಕೊಳ್ಳಬೇಡಿ. ಡೆಟಾಲಿಗೆ ತನ್ನದೇ ಗಾಢ ವಾಸನೆ ಇದೆ. ಒಮ್ಮೆ ಮರಕ್ಕೆ ಇಳಿದರೆ ಆಮೇಲೆ ಅದನ್ನು ತೆಗೆಯುವುದೇ ದೊಡ್ಡ ಕೆಲಸ. ಇನ್ನು ರಮ್ಮು. ಮಲ್ಲಣ್ಣ, ನಿಮ್ಮ ಲೆಕ್ಕ ಅರ್ಧ ಸರಿ, ಜಿಡ್ಡು ಕರಗಿಸುವುದು ಆಲ್ಕೋಹಾಲೇ. ಆದರೆ ನಮ್ಮಲ್ಲಿ ಸಿಗುವ ರಮ್ಮಿನಲ್ಲಿ ಅದು 42.8 ಪರ್ಸೆಂಟ್ ಅಷ್ಟೇ, ಉಳಿದದ್ದು ಹೆಚ್ಚುಕಮ್ಮಿ ನೀರು, ಮೇಲೆ ಬಣ್ಣ ಬೇರೆ.

ಬೇಕಾದದ್ದು 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಐಪಿಎ ಅಂತ ಕೇಳು, ಸರ್ಕ್ಯೂಟ್ ಬೋರ್ಡ್ ಒರೆಸಲು ಇಟ್ಟಿರುತ್ತಾರೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ನೂ ಸೆಂಟೂ ಇರುತ್ತದೆ. ಪಾಲಿಶ್ ಸ್ಪಿರಿಟ್ಟೂ ಬೇಡ, ಅದರಲ್ಲಿ ವಿಷದ ಮೆಥನಾಲ್ ಬೆರೆಸಿರಬಹುದು.

ಮೊದಲು ಬೌಲಿನ ಕರಿ ಪದರ. ಚಾಕುವಿನ ಚೂಪು ತುದಿ ಹಾಕಬೇಡ. ಪೆನ್ಸಿಲಿಗೆ ಮರಳು ಕಾಗದ ಸುತ್ತಿ ನಿಧಾನವಾಗಿ ತಿರುಗಿಸುತ್ತಾ ಉಜ್ಜು. ಮರ ಕಾಣುವ ತನಕ ಹೋಗಬೇಕಿಲ್ಲ, ತೆಳ್ಳಗೆ ಉಳಿದರೆ ಸಾಕು. ಆಮೇಲೆ ಕತ್ತು. ಐಪಿಎಯಲ್ಲಿ ಅದ್ದಿದ ಪೈಪ್ ಕ್ಲೀನರ್, ಅದೇ ಮಕ್ಕಳ ಕ್ರಾಫ್ಟಿಗೆ ಬರುವ ಜುಂಗಿನ ತಂತಿ, ಒಳಗೆ ಹಾಕಿ ಎಳೆ. ಮೊದಲನೆಯದು ಡಾಂಬರಿನ ಬಣ್ಣದಲ್ಲಿ ಬರುತ್ತದೆ. ಕ್ರಾಫ್ಟಿನದಾದರೆ ಬಿಳಿಯದೇ ತಗೋ, ಬಣ್ಣದ್ದು ಬಣ್ಣ ಬಿಡುತ್ತದೆ. ಬಿಳಿಯಾಗಿ ಬರುವ ತನಕ ಬದಲಿಸುತ್ತಾ ಇರು. ಇದರಲ್ಲಿ ಬೇಸರ ಮಾಡಿಕೊಳ್ಳಬೇಡ. ಇಲ್ಲಿ ಆತುರ ಪಟ್ಟರೆ ಮುಂದೆ ಮಾಡುವುದೆಲ್ಲ ವ್ಯರ್ಥ.

ಮರದೊಳಗಿನ ವಾಸನೆಗೆ ಹರಳುಪ್ಪು ತುಂಬಿ ಆಲ್ಕೋಹಾಲ್ ಹನಿಸಿ ಒಂದು ದಿನ ಬಿಡುವುದು ಹಳೆಯ ಪದ್ಧತಿ. ಉಪ್ಪು ಕಂದು ಬಣ್ಣಕ್ಕೆ ತಿರುಗುತ್ತದೆ, ನೋಡಲು ಖುಷಿಯಾಗುತ್ತದೆ. ಆದರೂ ನನಗೆ ಹತ್ತಿಯೇ ಇಷ್ಟ. ಉಪ್ಪು ಸಣ್ಣ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಗಾಳಿಯ ತೇವ ಎಳೆಯುತ್ತದೆ. ಹತ್ತಿಯಲ್ಲಿ ಆ ತೊಂದರೆ ಇಲ್ಲ. ನಮ್ಮೂರಲ್ಲಿ ಹತ್ತಿಗೇನು ಬರ ಅಂತ ಜಿನ್ನಿಂಗ್ ಮಿಲ್ಲಿನಿಂದ ತರಬೇಡ. ಹಸಿ ಹತ್ತಿಯಲ್ಲಿ ಮೇಣದ ಅಂಶ ಇರುತ್ತದೆ, ಸರಿಯಾಗಿ ಹೀರುವುದಿಲ್ಲ. ಮೆಡಿಕಲ್ ಶಾಪಿನ ಸರ್ಜಿಕಲ್ ಹತ್ತಿ ತಗೋ. ಬೌಲಿನಲ್ಲಿ ಸಡಿಲವಾಗಿ ತುಂಬು, ಕತ್ತಿನೊಳಗೆ ಬತ್ತಿ ಹೊಸೆದು ತೂರಿಸು. ಡ್ರಾಪರಿನಲ್ಲಿ ಹತ್ತಿ ಒದ್ದೆಯಾಗುವಷ್ಟು ಮಾತ್ರ ಹನಿಸಿ, ಬಾಯಿ ಮೇಲಾಗಿ ನಿಲ್ಲಿಸಿ ಬಿಡು. ಆಲ್ಕೋಹಾಲ್ ಆರುತ್ತಾ ಮರದ ಜಿಡ್ಡನ್ನು ಹತ್ತಿಗೆ ಎಳೆದು ತರುತ್ತದೆ. ಹತ್ತಿ ಕಪ್ಪಾಗಿದ್ದರೆ ಬದಲಿಸಿ ಮತ್ತೆ ಮಾಡು. ಹೊರಮೈಗೆ ಹನಿ ಬೀಳದಂತೆ ನೋಡಿಕೋ. ಬಡಗಿಗಳು ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸಿ ಪಾಲಿಶ್ ಮಾಡುವುದು ಗೊತ್ತಲ್ಲ, ಪೈಪಿನ ಮೇಲಿನ ಪಾಲಿಶ್ಶೂ ಹಾಗೇ ಕರಗಿ ಬಂದುಬಿಡುತ್ತದೆ.

ಇದನ್ನು ಅಡುಗೆಮನೆಯಲ್ಲಿ ಮಾಡಬೇಡ, ದೇವರ ಮನೆ ಹತ್ತಿರವೂ ಬೇಡ. ಆ ಆವಿ ಒಂದು ಸಣ್ಣ ಕಿಡಿಗೂ ಹೊತ್ತಿಕೊಳ್ಳಬಹುದು. ಮಾಳಿಗೆ ಮೇಲೆ ನೆರಳಿನಲ್ಲಿ, ಗಾಳಿ ಆಡುವ ಕಡೆ ಇಡು. ಅಕ್ಕಾ, ನೀನೂ ಸ್ವಲ್ಪ ಗಮನ ಇಡು, ಮಕ್ಕಳ ಕೈಗೆ ಬಾಟಲಿ ಸಿಗಬಾರದು. ಆಲ್ಕೋಹಾಲನ್ನೇ ಕುದಿಸಿ ಕೊಳವೆಯೊಳಗೆ ಹಾಯಿಸುವ ವಿಡಿಯೋಗಳು ಬರುತ್ತವೆ. ಮನೆಯಲ್ಲಿ ಅದು ಬೇಡವೇ ಬೇಡ.

ನಿನ್ನ ಕಪ್ಪು ಕೊಳವೆ ಹಸಿರು ತಿರುಗಿದೆಯಲ್ಲ, ಅದು ಎಬೊನೈಟ್. ನಾನು ಕೂಡಿಡುವ ಹಳೆ ಇಂಕ್ ಪೆನ್ನುಗಳದ್ದೂ ಅದೇ ವಸ್ತು. ರಬ್ಬರಿಗೆ ತುಂಬಾ ಗಂಧಕ ಸೇರಿಸಿ ಗಟ್ಟಿ ಮಾಡಿದ್ದು. ಬಿಸಿಲು ಬಿದ್ದರೆ ಮೇಲ್ಮೈ ಕೆಟ್ಟು ಹಸಿರಾಗುತ್ತದೆ, ಒದ್ದೆಯಾದರೆ ಗಂಧಕ ನಾರುತ್ತದೆ. ನೀನು ತಂಬಾಕಿನದು ಅಂದುಕೊಂಡ ವಾಸನೆಯಲ್ಲಿ ಅರ್ಧ ಇದೇ ಇರಬಹುದು. ಬಿಸಿ ನೀರು ಹಾಕಬೇಡ, ಇನ್ನೂ ಕೆಡುತ್ತದೆ. 600, 1000, 2000 ನಂಬರಿನ ವಾಟರ್ ಪೇಪರ್, ಅಂದರೆ ನೀರು ಹಚ್ಚಿ ಉಜ್ಜುವ ಮರಳು ಕಾಗದದಿಂದ ಅದೇ ಕ್ರಮದಲ್ಲಿ ಉಜ್ಜಿ, ಕೊನೆಗೆ ಒಂದು ಹನಿ ಎಣ್ಣೆ ಸವರಿ ಒರೆಸು. ಮರದ ಮೇಲೆ ಅಕ್ಷರ ಒತ್ತಿರುವ ಜಾಗಕ್ಕೆ ಪೇಪರ್ ತಾಗಿಸಬೇಡ, ಪೈಪಿನ ಗುರುತು ಅದೇ. ಇನ್ನೊಂದು ಪೈಪಿನ ಕೊಳವೆ ಬಣ್ಣ ಬಣ್ಣದ ಅಕ್ರಿಲಿಕ್ ಪ್ಲಾಸ್ಟಿಕ್. ಅದಕ್ಕೆ ಆಲ್ಕೋಹಾಲ್ ತಾಗಿಸಬೇಡ, ಕೂದಲೆಳೆಯಂಥ ಬಿರುಕು ಬೀಳುತ್ತದೆ. ಸೋಪು, ತಣ್ಣೀರು ಸಾಕು.

ಒಂದರಲ್ಲಿ ಸುಟ್ಟ ಕಟ್ಟಿಗೆಯ ವಾಸನೆ, ಇನ್ನೊಂದರಲ್ಲಿ ಸೆಂಟಿನ ಸೋಪಿನ ವಾಸನೆ ಅಂತ ಬರೆದಿದ್ದೀಯ. ಮೊದಲನೆಯದು ಲಟಾಕಿಯಾ ತಂಬಾಕಿನದು ಇರಬಹುದು. ಸಿರಿಯಾದ ಒಂದು ಬಂದರಿನ ಹೆಸರು ಅದು. ಎಲೆಯನ್ನು ಕಟ್ಟಿಗೆ ಹೊಗೆಯಲ್ಲಿ ಹದ ಮಾಡುತ್ತಾರೆ. ಎರಡನೆಯದರಲ್ಲಿ ಹೂವಿನ ಸೆಂಟು ಹಾಕಿದ ತಂಬಾಕು ಸೇದಿರಬೇಕು, ಇಂಗ್ಲೆಂಡಿನ ಕೆಂಡಲ್ ಊರು ಅಂಥ ತಂಬಾಕಿಗೆ ಹೆಸರಾಗಿದೆ. ಹಟಮಾರಿ ಇದೇ. ಹತ್ತಿ ಬಿಳಿಯಾಗಿ ಬಂದ ಮೇಲೂ ಈ ವಾಸನೆ ನಿಲ್ಲುತ್ತದೆ. ಅದಕ್ಕೆ ಮೀನಿನ ತೊಟ್ಟಿಯ ಅಂಗಡಿಯಲ್ಲಿ ಸಿಗುವ ಆ್ಯಕ್ಟಿವೇಟೆಡ್ ಕಾರ್ಬನ್, ಅಂದರೆ ವಾಸನೆ ಹೀರುವ ಇದ್ದಿಲು ತಂದು, ಪೈಪು ಪೂರ್ತಿ ಒಣಗಿದ ಮೇಲೆ ಬೌಲಿಗೆ ತುಂಬಿ, ಮುಚ್ಚಿದ ಡಬ್ಬಿಯಲ್ಲಿ ವಾರಗಟ್ಟಲೆ ಇಡು. ಲವಂಗ, ಕರ್ಪೂರ, ಅತ್ತರು ಏನೂ ಹಾಕಬೇಡ. ಎರಡು ವಾಸನೆ ಕೂಡಿದರೆ ಮೂರನೆಯದು ಹುಟ್ಟುತ್ತದೆ ಅಷ್ಟೇ. ಹೊಗೆ ವಾಸನೆಯದರಲ್ಲಿ ಸ್ವಲ್ಪ ಉಳಿದರೆ ಬಿಡು, ಅದು ಆ ಪೈಪು ಬಾಳಿದ ಗುರುತು. ಗಾಜಿನ ಡಬ್ಬಿಯಲ್ಲಿ ಬೇರೆಯಾಗಿ ಇಟ್ಟರೆ ಪುಸ್ತಕಕ್ಕೆ ಹತ್ತುವುದಿಲ್ಲ.

ವೀಣಾ, ನಿಮ್ಮ ಮಾವನವರ ಬಿಳಿ ಪೈಪನ್ನೂ ಹೀಗೇ ಮಾಡಬಹುದಾ ಅಂತ ಕೇಳಿದ್ದೀಯ. ಬೇಡಮ್ಮಾ. ಫೋಟೋದಲ್ಲಿ ಮೀರ್‌ಶಾಮ್ ಥರ ಕಾಣುತ್ತದೆ, ಟರ್ಕಿಯಿಂದ ಬರುವ ಮೆತ್ತನೆಯ ಕಲ್ಲು. ಉಪ್ಪು, ಆಲ್ಕೋಹಾಲ್, ನೆನೆಹಾಕುವುದು ಯಾವುದೂ ಆಗದು, ಜೇನಿನ ಬಣ್ಣಕ್ಕೆ ತಿರುಗಿರುವುದೂ ಹೋಗಿಬಿಡುತ್ತದೆ. ಸದ್ಯ ಒಣ ಬಟ್ಟೆಯಲ್ಲಿ ಒರೆಸಿಡು, ಭಾನುವಾರ ಬಂದಾಗ ತಾ, ಕೈಯಲ್ಲಿ ಹಿಡಿದು ನೋಡಿ ಹೇಳುತ್ತೇನೆ. ಕಿರಣಾ, ನೀನೂ ಪೈಪಿನ ಮೇಲಿನ ಅಕ್ಷರದ ಫೋಟೋ ಹತ್ತಿರದಿಂದ ತೆಗೆದು ಕಳಿಸು, ಅದನ್ನು ನೋಡಿದ ಮೇಲೆ ಉಜ್ಜಲು ಶುರು ಮಾಡು.