ಸ್ಟ್ರೋಕ್ ಆದವರಿಗೆ ರೈಲ್ಸ್ ಟ್ಯೂಬ್ ತೆಗೆಸುವ ಮುನ್ನ ಏನೇನು ನೋಡಬೇಕು? ತಿಳಿದವರು ಹೇಳಿ

ಕೇಳಿದವರು, ಧಾರವಾಡ:
ಅಪ್ಪನಿಗೆ 68 ವರ್ಷ. ಸ್ಟ್ರೋಕ್ ಆಗಿ ಮೂರು ವಾರ. ಎಡಗೈ, ಎಡಗಾಲಲ್ಲಿ ಶಕ್ತಿಯಿಲ್ಲ, ಮಾತು ಸ್ಪಷ್ಟವಾಗಿದೆ. ಮೂಗಿನಿಂದ ಹೊಟ್ಟೆಗೆ ಆಹಾರ ಕೊಡುವ ರೈಲ್ಸ್ ಟ್ಯೂಬ್ ಸಮೇತ ಮನೆಗೆ ಕಳಿಸಿದ್ದಾರೆ. ನೀರು ಕೊಟ್ಟರೆ ಕೆಮ್ಮು ಬರುತ್ತೆ, ರಾಗಿ ಗಂಜಿ ಇಳಿಯುತ್ತೆ. "ಗಂಜಿ ಇಳೀತಿದೆಯಲ್ಲ, ಟ್ಯೂಬ್ ತೆಗೆಸಿಬಿಡಿ" ಅಂತಾರೆ ನೆಂಟರು. ಡಿಸ್ಚಾರ್ಜ್ ಚೀಟಿಯಲ್ಲಿ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ ಅಂತ ಬರೆದಿದೆ. ಮಾತು ಸರಿಯಿರುವವರಿಗೆ ಅದ್ಯಾಕೆ? ಹೋದರೆ ಏನು ಮಾಡ್ತಾರೆ?

ವಾಕ್ ಚಿಕಿತ್ಸಕಿ, ಮೈಸೂರು:
ಮಾತಾಡಲು ಬಳಸುವ ತುಟಿ, ನಾಲಿಗೆ, ಅಂಗುಳ, ಧ್ವನಿಪೆಟ್ಟಿಗೆಗಳೇ ನುಂಗುವುದಕ್ಕೂ ಬೇಕು. ಅದಕ್ಕೇ ನುಂಗುವ ತೊಂದರೆ ನಮ್ಮ ಹತ್ತಿರ ಬರುತ್ತದೆ.

ನುಂಗುವ ಕ್ಷಣದಲ್ಲಿ ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಜರುಗಬೇಕು, ಉಸಿರು ಅರೆಕ್ಷಣ ನಿಲ್ಲಬೇಕು, ಶ್ವಾಸನಾಳದ ಬಾಯಿ ಮುಚ್ಚಬೇಕು. ಸ್ಟ್ರೋಕ್ ಆದವರಲ್ಲಿ ಇದು ತಡವಾಗುತ್ತದೆ. ನೀರು ಅಷ್ಟರಲ್ಲಿ ಗಂಟಲು ತಲುಪಿರುತ್ತದೆ; ಗಂಜಿ ನಿಧಾನ, ಮುಚ್ಚಿಕೊಳ್ಳಲು ಸಮಯ ಸಿಗುತ್ತದೆ. ಆದರೆ ಗಂಟಲಿನ ಸ್ನಾಯುವಿಗೆ ಒತ್ತುವ ಬಲವಿಲ್ಲದಿದ್ದರೆ ಗಂಜಿ ಅಲ್ಲೇ ಉಳಿದು, ನುಂಗಿ ಆದ ಮೇಲೆ ಉಸಿರಿನ ಜೊತೆ ಒಳಗೆ ಜಾರುತ್ತದೆ. ಹಾಗಾಗಿ ಗಂಜಿ ಕಣ್ಣಿಗೆ ಇಳಿದಂತೆ ಕಂಡದ್ದರಿಂದ ಏನೂ ತೀರ್ಮಾನವಾಗುವುದಿಲ್ಲ.

ಪರೀಕ್ಷೆ ಆಹಾರದಿಂದ ಶುರುವಾಗುವುದಿಲ್ಲ. ಪೂರ್ತಿ ಎಚ್ಚರವಿದ್ದಾರಾ, ನೆಟ್ಟಗೆ ಕೂರುತ್ತಾರಾ, ಕೇಳಿದಾಗ ಜೋರಾಗಿ ಕೆಮ್ಮುತ್ತಾರಾ, ತಮ್ಮ ಎಂಜಲನ್ನೇ ನುಂಗುತ್ತಾರಾ ಅಂತ ಮೊದಲು ನೋಡುತ್ತೇವೆ. ಆಮೇಲೆ ಗದ್ದದ ಕೆಳಗೊಂದು, ಗಂಟಲ ಮಣಿಯ ಮೇಲೊಂದು ಬೆರಳಿಟ್ಟು ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡುತ್ತೇವೆ. 'ಗಸ್' ಎನ್ನುವ 20 ಅಂಕದ ಪರೀಕ್ಷೆಯಲ್ಲಿ ಎಂಜಲು, ಮೆತ್ತನೆಯ ಗಟ್ಟಿ ದ್ರವ, ನೀರು, ಕೊನೆಗೆ ಗಟ್ಟಿ ಆಹಾರ, ಇದೇ ಕ್ರಮ. ಒಂದರಲ್ಲಿ ಪೂರ್ಣ ಅಂಕ ಬರದಿದ್ದರೆ ಮುಂದಕ್ಕೆ ಹೋಗುವುದಿಲ್ಲ. ಪ್ರತಿ ಗುಟುಕಾದ ಮೇಲೆ "ಆ" ಅನ್ನಿಸುತ್ತೇವೆ. ಧ್ವನಿ ಗೊರಗೊರ ಅಂದರೆ ಧ್ವನಿತಂತಿಯ ಮೇಲೆ ಏನೋ ನಿಂತಿದೆ ಅಂತ.

ನರ್ಸಿಂಗ್ ಆಫೀಸರ್, ನ್ಯೂರೋ ವಾರ್ಡ್:
ಟ್ಯೂಬ್ ಇದೆ ಅಂತ ಬಾಯಿ ತೊಳೆಯುವುದನ್ನು ಬಿಡಬೇಡಿ. ನ್ಯುಮೋನಿಯಾ ಬರುವುದು ಬರೀ ಆಹಾರ ಜಾರಿದ್ದಕ್ಕಲ್ಲ, ಬಾಯಿಯ ಬ್ಯಾಕ್ಟೀರಿಯಾ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿದರೂ ಬರುತ್ತದೆ. ಮಕ್ಕಳ ಬ್ರಷ್, ಬಟಾಣಿಗಿಂತ ಕಡಿಮೆ ಪೇಸ್ಟ್, ದಿನಕ್ಕೆ ಕನಿಷ್ಠ ಎರಡು ಸಲ; ಬಾಯಿ ಮುಕ್ಕಳಿಸಲಾರದವರಿಗೆ ಒದ್ದೆ ಗಾಜ್ ಬಟ್ಟೆಯಿಂದ ಒರೆಸಿ ತೆಗೆಯಿರಿ. ಎಡಗೆನ್ನೆಯ ಒಳಗೆ ಬೆರಳಿಂದ ನೋಡಿ. ಸ್ವಾಧೀನವಿಲ್ಲದ ಕಡೆ ತುತ್ತು ಉಳಿದಿದ್ದರೂ ಅವರಿಗೆ ಗೊತ್ತಾಗುವುದಿಲ್ಲ.

ಟ್ಯೂಬ್‌ನಲ್ಲಿ ಕೊಡುವಾಗ ತಲೆಭಾಗ 30ರಿಂದ 45 ಡಿಗ್ರಿ ಎತ್ತರ, ಮುಗಿದ ಮೇಲೂ ಮುಕ್ಕಾಲು ಗಂಟೆ ಹಾಗೇ ಇರಲಿ. ಮೂಗಿನ ಹತ್ತಿರದ ಗುರುತು ಸರಿದಿದ್ದರೆ ಏನೂ ಹಾಕಬೇಡಿ, ಆಸ್ಪತ್ರೆಗೆ ಫೋನ್ ಮಾಡಿ. ಟ್ಯೂಬ್ ಇದ್ದರೆ ಆಸ್ಪಿರೇಷನ್ (ಆಹಾರ, ಎಂಜಲು ಶ್ವಾಸನಾಳಕ್ಕೆ ಜಾರುವುದು) ಆಗಲ್ಲ ಅನ್ನುವುದು ತಪ್ಪು. ಹೊಟ್ಟೆಯಿಂದ ಮೇಲಕ್ಕೆ ಬಂದದ್ದೂ ಜಾರುತ್ತದೆ.

ಕೇಳಿದವರು:
ಒಂದು ಸಂಶಯ. ಎರಡು ದಿನದಿಂದ ನೀರಿಗೂ ಕೆಮ್ಮು ಕಡಿಮೆ ಆಗಿದೆ. ಅಂದರೆ ಸುಧಾರಿಸ್ತಿದ್ದಾರೆ ಅಂತ ಅಲ್ವಾ?

ವಾಕ್ ಚಿಕಿತ್ಸಕಿ, ಮೈಸೂರು:
ಇರಬಹುದು, ಇಲ್ಲದೆಯೂ ಇರಬಹುದು. ಗಂಟಲಿನ ಸಂವೇದನೆ ಕುಗ್ಗಿದವರಲ್ಲಿ ನೀರು ಶ್ವಾಸನಾಳಕ್ಕೆ ಹೋದರೂ ಕೆಮ್ಮೇ ಬರುವುದಿಲ್ಲ. ಸದ್ದಿಲ್ಲದ ಆಸ್ಪಿರೇಷನ್ ಅಂದರೆ ಅದೇ. ಬೆರಳಿಗೆ ಹಾಕುವ ಆಕ್ಸಿಮೀಟರ್ ನಂಬಿ ಕೂರಬೇಡಿ, ಅದು ಇದನ್ನು ಹಿಡಿಯುವುದಿಲ್ಲ. ಬಾಯಿಂದ ನೀರು ಕೊಡುವುದನ್ನು ಪರೀಕ್ಷೆಯಾಗುವವರೆಗೆ ನಿಲ್ಲಿಸಿ, ಗಂಜಿಯನ್ನೂ. ಸಂಜೆ ಜ್ವರ, ಕಫ ಹೆಚ್ಚಾಗುವುದು, ಉಸಿರಿನ ವೇಗ, ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ಖಚಿತವಾಗಬೇಕಾದರೆ ಎರಡು ದಾರಿ. ವಿಡಿಯೋಫ್ಲೋರೋಸ್ಕೋಪಿಯಲ್ಲಿ ಎಕ್ಸ್‌ರೇಗೆ ಕಾಣುವ ಬೇರಿಯಂ ಬೆರೆಸಿದ ತುತ್ತು ನುಂಗಿಸಿ, ಎಕ್ಸ್‌ರೇ ವಿಡಿಯೋದಲ್ಲಿ ಯಾವ ಹಂತದಲ್ಲಿ ಜಾರಿತು ಅಂತ ನೋಡುತ್ತಾರೆ. ಫೀಸ್ (ಎಫ್‌ಇಇಎಸ್) ಎಂಬ ಪರೀಕ್ಷೆಯಲ್ಲಿ ಮೂಗಿನಿಂದ ಸಣ್ಣ ಎಂಡೋಸ್ಕೋಪ್ ಇಳಿಸಿ, ಬಣ್ಣ ಹಾಕಿದ ಆಹಾರ ಗಂಟಲಲ್ಲಿ ಎಲ್ಲಿ ಉಳಿಯಿತು ಅಂತ ನೋಡುತ್ತಾರೆ. ನುಂಗುವ ಆ ಕ್ಷಣ ಮಾತ್ರ ಪರದೆ ಬೆಳ್ಳಗಾಗಿ ಕಾಣುವುದಿಲ್ಲ. ನಿಮ್ಮ ತಂದೆಗೆ ಎರಡರಲ್ಲಿ ಒಂದು ಬೇಕು ಅಂತಲೇ ನನ್ನ ಅಭಿಪ್ರಾಯ.

ಆಹಾರ ತಜ್ಞೆ, ಬೆಂಗಳೂರು:
ಬಾಯಿಂದ ಕೊಡಬಹುದು ಅಂತ ಹೇಳಿದ ಮೇಲೆ "ಗಟ್ಟಿ ಗಂಜಿ" ಅನ್ನುವ ಮಾತು ಸಾಲದು, ಅಳತೆ ಬೇಕು. ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ನೀರು 0, ಮಾಮೂಲಿ ಊಟ 7. ಅಳೆಯಲು ಲಾಕ್ ಇಲ್ಲದ ನಯ ಮೂತಿಯ 10 ಎಂಎಲ್ ಸಿರಿಂಜ್ ಬೇಕು. 0ಯಿಂದ 10ರ ಗೆರೆಯವರೆಗೆ ಉದ್ದ 61.5 ಮಿಲಿಮೀಟರ್ ಇರಬೇಕು, ಸ್ಕೇಲ್ ಇಟ್ಟು ನೋಡಿ. ಪಿಸ್ಟನ್ ತೆಗೆದು, ಮೂತಿಗೆ ಬೆರಳು ಒತ್ತಿ 10 ಎಂಎಲ್ ತುಂಬಿ, ಬೆರಳು ತೆಗೆದು 10 ಸೆಕೆಂಡ್ ಹರಿಯಲು ಬಿಟ್ಟು ಮತ್ತೆ ಮುಚ್ಚಿ. 1ರಿಂದ 4 ಎಂಎಲ್ ಉಳಿದರೆ ಹಂತ 1, 4ರಿಂದ 8 ಉಳಿದರೆ ಹಂತ 2, 8ಕ್ಕಿಂತ ಹೆಚ್ಚು ಉಳಿದರೆ ಹಂತ 3. ಹನಿಯೂ ಬೀಳದಿದ್ದರೆ ಹಂತ 4, ಅದನ್ನು ಚಮಚ ಓರೆ ಮಾಡಿ ನೋಡಬೇಕು. ಕೊಡುವ ಬಿಸಿಯಲ್ಲೇ ಅಳೆಯಿರಿ. ರಾಗಿ ಆರಿದಷ್ಟೂ ಗಟ್ಟಿ.

ಮನೆಗಳಲ್ಲಿ ತಪ್ಪುವುದು ಎಲ್ಲಿ ಗೊತ್ತಾ? ಬಾಯಿಗಿಟ್ಟ ಚಮಚವನ್ನೇ ಮತ್ತೆ ಬಟ್ಟಲಿಗೆ ಅದ್ದುವುದು. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು, ಸ್ವಲ್ಪ ಹೊತ್ತಿಗೇ ಗಂಜಿ ನೀರಾಗುತ್ತದೆ. ಮೊದಲ ತುತ್ತು ಹಂತ 3, ಕೊನೆಯದು ಹಂತ 1! ಚಿಕ್ಕ ಬಟ್ಟಲಿಗೆ ನಾಲ್ಕೈದು ಚಮಚ ಮಾತ್ರ ಬಗ್ಗಿಸಿಕೊಳ್ಳಿ, ಬೇಕಾದರೆ ಚಮಚ ಬದಲಿಸಿ. ದ್ರವ ದಪ್ಪ ಮಾಡಲು ಬೆರೆಸುವ ಕ್ಸಾಂಥಾನ್ ಗಮ್ ಪುಡಿ ಹೀಗೆ ಒಡೆಯುವುದಿಲ್ಲ.

ಮುದ್ದೆ ಸದ್ಯಕ್ಕೆ ಬೇಡವೇ ಬೇಡ. ಅಂಟಿನ ಗುಳುವನ್ನು ಅಗಿಯದೆ ನುಂಗುವ ಊಟ ಅದು. ಸಾರು ಅನ್ನವೂ ಅಪಾಯ: ಅನ್ನ ಅಗಿಯುವಷ್ಟರಲ್ಲಿ ಸಾರು ಹಿಂದಕ್ಕೆ ಹರಿದಿರುತ್ತದೆ. ಅವಲಕ್ಕಿ, ಮಂಡಕ್ಕಿ, ಉದುರಾದ ಉಪ್ಪಿಟ್ಟು ಬೇಡ. ಒಗ್ಗರಣೆಯ ಸಾಸಿವೆ, ಕಡಲೆಬೇಳೆಯೂ. ಐಸ್‌ಕ್ರೀಮ್ ಬಾಯಲ್ಲಿ ನೀರೇ ಆಗುತ್ತದೆ. ನುಣ್ಣಗೆ ಅರೆದ ಮೊಸರನ್ನ ಒಳ್ಳೆಯದು. ದಪ್ಪ ದ್ರವ ಕುಡಿಯುವವರು ನೀರು ಕಡಿಮೆ ಕುಡಿಯುತ್ತಾರೆ, ಮೂತ್ರದ ಬಣ್ಣ ಗಮನಿಸುತ್ತಿರಿ.

ವಾಕ್ ಚಿಕಿತ್ಸಕ, ಮಂಗಳೂರು:
ಭಂಗಿಯ ಬಗ್ಗೆ. ಲೋಟ ಎತ್ತಿ ಕುಡಿಯುವ ಅಭ್ಯಾಸ ಇದ್ದರೆ ಇವತ್ತಿಗೇ ಬಿಡಿಸಿ. ತಲೆ ಹಿಂದಕ್ಕೆ ಹೋದರೆ ಶ್ವಾಸನಾಳದ ದಾರಿ ತೆರೆದುಕೊಳ್ಳುತ್ತದೆ. 90 ಡಿಗ್ರಿ ಕೂರಿಸಿ, ಉಣಿಸುವವರೂ ಕಣ್ಣಿನ ಮಟ್ಟಕ್ಕೆ ಕೂತು, ಅರ್ಧ ಚಹಾ ಚಮಚ ಕೊಟ್ಟು, ಗಂಟಲ ಮಣಿ ಏರಿ ಇಳಿದ ಮೇಲಷ್ಟೇ ಮುಂದಿನದು. ಎಡಗಡೆ ಸ್ವಾಧೀನ ತಪ್ಪಿದವರಲ್ಲಿ ಹಲವರಿಗೆ ಅವಸರ ಜಾಸ್ತಿ, ಚಮಚ ಅವರ ಕೈಗೆ ಕೊಡಬೇಡಿ.

"ಗದ್ದ ಎದೆಗೆ ತಾಗಿಸಿ ನುಂಗಿ" ಅನ್ನುವುದನ್ನು ಎಲ್ಲರಿಗೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ನುಂಗುವುದು ತಡವಾಗುವವರಿಗೆ ಅದು ಸಹಾಯ. ಕೆಲವರಿಗೆ ಪ್ರಯೋಜನವೇ ಇಲ್ಲ. ಗಂಟಲಿನ ಒಂದು ಪಕ್ಕ ದುರ್ಬಲವಾದವರಿಗೆ ತಲೆಯನ್ನು ಅದೇ ಪಕ್ಕಕ್ಕೆ ತಿರುಗಿಸಿ ನುಂಗಿಸಿದರೆ ಆಹಾರ ಬಲವಿರುವ ಕಡೆ ಇಳಿಯುತ್ತದೆ. ಯಾವುದು ಸರಿ ಅಂತ ವಿಡಿಯೋದಲ್ಲೇ ಪರೀಕ್ಷಿಸಿ ನೋಡಬಹುದು, ಆ ಪರೀಕ್ಷೆಯ ನಿಜವಾದ ಲಾಭ ಅದೇ.

ವ್ಯಾಯಾಮದಲ್ಲಿ ಶೇಕರ್ ಹೆಸರುವಾಸಿ: ಅಂಗಾತ ಮಲಗಿ, ಭುಜ ಎತ್ತದೆ, ಕಾಲ್ಬೆರಳು ಕಾಣುವಷ್ಟು ತಲೆ ಎತ್ತಿ 1 ನಿಮಿಷ, ನಡುವೆ 1 ನಿಮಿಷ ವಿಶ್ರಾಂತಿ, ಹೀಗೆ 3 ಸಲ, ಆಮೇಲೆ ತಲೆಯನ್ನು 30 ಸಲ ಎತ್ತಿ ಇಳಿಸುವುದು. ದಿನಕ್ಕೆ 3 ಬಾರಿ, 6 ವಾರ. ಕುತ್ತಿಗೆ ಮೂಳೆಯ ತೊಂದರೆ ಇದ್ದವರಿಗೆ ಬೇಡ. ಅವರು ಕೂತು ಗದ್ದದಡಿ ಮೆತ್ತನೆ ಚೆಂಡಿಟ್ಟು ಒತ್ತಬಹುದೇ ಅಂತ ಕೇಳಿ. ಉಸಿರು ಬಿಗಿಹಿಡಿದು ನುಂಗುವ ವಿಧಾನವನ್ನು ಹೃದಯದ ತೊಂದರೆ ಇರುವವರು ತಾವಾಗಿ ಮಾಡಬಾರದು. ನಾಲಿಗೆ ಹಲ್ಲಿನ ನಡುವೆ ಹಿಡಿದು ನುಂಗುವ ಮಸಾಕೊ ಎಂಜಲಿನ ಜೊತೆ ಮಾತ್ರ, ಆಹಾರದ ಜೊತೆ ಎಂದಿಗೂ ಅಲ್ಲ. ಗಂಟಲಿನ ಸ್ನಾಯುಗಳಿಗೆ ಕರೆಂಟ್ ಹಾಕುವ ಯಂತ್ರ ಒಂದನ್ನೇ ತೋರಿಸಿ ಪ್ಯಾಕೇಜ್ ಹೇಳುವವರಿದ್ದಾರೆ. ವ್ಯಾಯಾಮ ಇಲ್ಲದೆ ಅದಕ್ಕೆ ದುಡ್ಡು ಸುರಿಯಬೇಡಿ.

ಫಾರ್ಮಸಿಸ್ಟ್:
ಮಾತ್ರೆ ಪುಡಿ ಮಾಡುವ ಮುಂಚೆ ಕೇಳಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ಕರುಳಿನಲ್ಲಿ ಕರಗುವ ಲೇಪನದ ಪ್ಯಾಂಟೊಪ್ರಜೋಲ್ ಇಂಥವನ್ನು ಪುಡಿ ಮಾಡುವಂತಿಲ್ಲ.

ವಾಕ್ ಚಿಕಿತ್ಸಕಿ, ಮೈಸೂರು:
ನಿಮ್ಮೂರಲ್ಲೇ ಜೆಎಸ್‌ಎಸ್ ವಾಕ್ ಶ್ರವಣ ಸಂಸ್ಥೆ ಇದೆ, ಮೈಸೂರಿನಲ್ಲಿ 1965ರಿಂದಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಎಲ್ಲಿಗೆ ಹೋದರೂ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಕೇಳಿ, ನುಂಗುವಿಕೆ ನೋಡುತ್ತಾರಾ, ಫೀಸ್ ಅಥವಾ ವಿಡಿಯೋ ಪರೀಕ್ಷೆ ಎಲ್ಲಿ ಮಾಡಿಸುತ್ತಾರೆ ಅಂತ ಫೋನಿನಲ್ಲೇ ವಿಚಾರಿಸಿ. ಟ್ಯೂಬ್ ಇದ್ದರೂ ಚಿಕಿತ್ಸೆ ಶುರುಮಾಡಬಹುದು. ತಿಂಗಳು ದಾಟಿಯೂ ಟ್ಯೂಬ್ ಬೇಕೇ ಬೇಕು ಅಂತಾದರೆ ಹೊಟ್ಟೆಗೆ ನೇರ ಹಾಕುವ ಪೆಗ್ ಟ್ಯೂಬ್ ಬಗ್ಗೆ ಡಾಕ್ಟರ್ ಜೊತೆ ಮಾತಾಡಿ. ಟ್ಯೂಬ್ ಫೀಡ್ ಆದ ಕೂಡಲೇ ಕರೆತರಬೇಡಿ, ಗಂಟೆಯಾದರೂ ಅಂತರವಿರಲಿ. ಎಂಆರ್‌ಐ ವರದಿ, ಮಾತ್ರೆ ಚೀಟಿ, ಕಟ್ಟುವ ಹಲ್ಲಿದ್ದರೆ ಅದು, ಮನೆಯಲ್ಲಿ ಬಳಸುವ ಚಮಚ, ಒಂದು ಡಬ್ಬಿಯಲ್ಲಿ ನೀವು ಮಾಡುವ ಅದೇ ಗಂಜಿ ತನ್ನಿ.