ಪಿಸಿ ಬಳಗವೋ, ಪ್ಲೇಸ್ಟೇಷನ್ ಬಳಗವೋ: ತಮ್ಮನಿಗಾಗಿ ಕೇಳುತ್ತಿದ್ದೇನೆ

ಕೊಪ್ಪಳದಿಂದ, ಕೇಳಿದವರು:

ನನ್ನ ತಮ್ಮ ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿದ್ದಾನೆ. ಪರೀಕ್ಷೆ ಚೆನ್ನಾಗಿ ಬರೆದರೆ ಆಟವಾಡಲು ಕಂಪ್ಯೂಟರನ್ನೋ (ಪಿಸಿ), ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ನನ್ನೋ ಕೊಡಿಸುವುದಾಗಿ ಮಾತು ಕೊಟ್ಟಿದ್ದೆ. ಈಗ ಅದನ್ನು ನಡೆಸಿಕೊಡಬೇಕಾಗಿದೆ. ಬೆಲೆಯನ್ನೂ ಚಿತ್ರದ ಗುಣಮಟ್ಟವನ್ನೂ ಅಂಗಡಿಯವರು ವಿವರಿಸಿದ್ದಾರೆ. ಅವರಿಂದ ತಿಳಿಯದ ಒಂದು ಸಂಗತಿಯನ್ನು ಇಲ್ಲಿ ಕೇಳುತ್ತಿದ್ದೇನೆ. ನನ್ನ ತಮ್ಮನದು ಮಾತು ಕಡಿಮೆ. ಜೊತೆಯಲ್ಲಿ ಓದಿದ ಗೆಳೆಯರು ಹುಬ್ಬಳ್ಳಿಗೂ ಬೆಂಗಳೂರಿಗೂ ಹೊರಟಿದ್ದಾರೆ, ಇವನು ಊರಲ್ಲೇ ಡಿಗ್ರಿಗೆ ಸೇರುತ್ತಿದ್ದಾನೆ. ಪಿಸಿ ಕೊಂಡರೆ ಎಂಥವರ ನಡುವೆ ಇರುತ್ತಾನೆ, ಪ್ಲೇಸ್ಟೇಷನ್ ಕೊಂಡರೆ ಎಂಥವರ ನಡುವೆ ಇರುತ್ತಾನೆ ಎಂಬುದನ್ನು ನಮ್ಮ ಭಾಗದಲ್ಲಿ ಎರಡನ್ನೂ ಕಂಡವರು ದಯವಿಟ್ಟು ತಿಳಿಸಬೇಕು.

ಬಳ್ಳಾರಿಯಿಂದ:

ಸಹೋದರಿ, ಬಳ್ಳಾರಿಯಲ್ಲಿ ನಾನು 2008ರಿಂದ 2019ರವರೆಗೆ ಗೇಮಿಂಗ್ ಸೆಂಟರ್ ನಡೆಸಿದ್ದೇನೆ. ಎಡಗಡೆಯ ಗೋಡೆಗೆ ಎಂಟು ಕಂಪ್ಯೂಟರ್‌ಗಳಿದ್ದವು, ಬಲಗಡೆ ಪರದೆಯ ಆಚೆ ಎರಡು ಟಿವಿಗಳಿಗೆ ಪ್ಲೇಸ್ಟೇಷನ್ ಜೋಡಿಸಿದ್ದೆ. ಒಂದೇ ಬಾಗಿಲಿನಿಂದ ಒಳಗೆ ಬಂದ ಹುಡುಗರು ಎಡಕ್ಕೆ ತಿರುಗಿದರೆ ಒಂದು ಬಗೆಯಾಗಿ, ಬಲಕ್ಕೆ ತಿರುಗಿದರೆ ಇನ್ನೊಂದು ಬಗೆಯಾಗಿ ನಡೆದುಕೊಳ್ಳುವುದನ್ನು ಹನ್ನೊಂದು ವರ್ಷ ಕಣ್ಣಾರೆ ಕಂಡಿದ್ದೇನೆ.

ಬಲಗಡೆ ಒಂದು ಟಿವಿ, ಎರಡು ಜಾಯ್‌ಸ್ಟಿಕ್, ಹಿಂದೆ ಬೆಂಚಿನ ಮೇಲೆ ಐದಾರು ಜನ. ಫುಟ್‌ಬಾಲ್ ಆಟದಲ್ಲಿಯೋ ಕುಸ್ತಿಯ ಆಟದಲ್ಲಿಯೋ ಸೋತವನು ಜಾಯ್‌ಸ್ಟಿಕ್ ಬಿಟ್ಟೇಳಬೇಕು ಎಂಬುದು ಯಾರೂ ಬರೆದಿಡದ, ಎಲ್ಲರೂ ಪಾಲಿಸುತ್ತಿದ್ದ ನಿಯಮವಾಗಿತ್ತು. ಆಡುವವರಷ್ಟೇ ನೋಡುವವರೂ ಆ ಬಳಗಕ್ಕೆ ಸೇರಿದವರು. ಆಟ ಬಾರದ ಹುಡುಗನೂ ಮಿರ್ಚಿ ತಿನ್ನುತ್ತ ಕೂತು ಹೆಸರು ಹಿಡಿದು ಕೂಗಿ ಹುರಿದುಂಬಿಸಿದರೆ ಸಾಕು, ಮರುದಿನ ಅವನಿಗೂ ಬೆಂಚಿನ ಮೇಲೆ ಜಾಗ ಇರುತ್ತಿತ್ತು. ಎಡಗಡೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಂಟು ಜನ ಗೋಡೆಯ ಕಡೆ ತಿರುಗಿ, ನಾಲ್ವರಿಗೆ ನಾಲ್ವರಂತೆ ಕೌಂಟರ್-ಸ್ಟ್ರೈಕ್ ಎಂಬ ಗುಂಡು ಹಾರಿಸುವ ಆಟ ಆಡುವಾಗ ಕೇಳುತ್ತಿದ್ದುದು ಧ್ವನಿ ಮಾತ್ರ. ಅಲ್ಲಿ ಹೊಸಬನಿಗೆ ಜಾಗ ಸಿಗುವುದು ಕಷ್ಟವಾಗಿತ್ತು, ಏಕೆಂದರೆ ಒಬ್ಬ ಕಚ್ಚಾ ಆಟಗಾರ ಬಂದರೆ ಉಳಿದ ಮೂವರೂ ಸೋಲುತ್ತಾರೆ.

ಆದರೆ ಇಷ್ಟಕ್ಕೇ ಪಿಸಿ ಬಳಗ ಬಿರುಸು, ಪ್ಲೇಸ್ಟೇಷನ್ ಬಳಗ ಮೆದು ಎಂದು ತೀರ್ಮಾನಿಸಬೇಡಿ. ಒಂದು ಪ್ರಸಂಗ ಹೇಳುತ್ತೇನೆ. ಜಿಟಿಎ 5 ಎಂಬ ಆಟ ಕನ್ಸೋಲ್‌ಗಳಿಗೆ, ಅಂದರೆ ಪ್ಲೇಸ್ಟೇಷನ್ನಿನಂಥ ಆಟದ ಯಂತ್ರಗಳಿಗೆ, 2013ರ ಸೆಪ್ಟೆಂಬರ್‌ನಲ್ಲಿ ಬಂದಿತು. ಪಿಸಿಯವರು 2015ರ ಏಪ್ರಿಲ್‌ವರೆಗೆ, ಹತ್ತೊಂಬತ್ತು ತಿಂಗಳು ಕಾಯಬೇಕಾಯಿತು. ಕೊನೆಗೆ ಜೀನ್ಸ್ ಹೊಲಿಯುವ ಘಟಕದವರ ಮಗನೊಬ್ಬ ಪಿಸಿ ಪೆಟ್ಟಿಗೆಯನ್ನು ತರಿಸಿಕೊಂಡ. ಅದರಲ್ಲಿ 7 ಡಿವಿಡಿಗಳಿದ್ದವು. ತನ್ನ ಮನೆಯಲ್ಲಿ ಹಾಕಿಕೊಂಡಾದ ಮೇಲೆ ಅವನ್ನು ಸಂಡೂರಿನ ಗೆಳೆಯನಿಗೆ ಕೊಟ್ಟ. ಆ ಹುಡುಗ ರಾತ್ರಿಯೆಲ್ಲ ಒಂದೊಂದೇ ಡಿವಿಡಿ ಹಾಕಿ ತೆಗೆದು ಏಳನ್ನೂ ಮುಗಿಸಿದರೂ ಆಟ ತೆರೆಯಲಿಲ್ಲ, ಏಕೆಂದರೆ ಪೆಟ್ಟಿಗೆಯೊಳಗಿನ ಕೀಲಿಸಂಖ್ಯೆ ಮೊದಲು ಬಳಸಿದವನ ಖಾತೆಗೆ ಅಂಟಿಕೊಂಡಿತ್ತು. ಅದೇ ವಾರ ನನ್ನ ಬಲಗಡೆಯ ಗುಂಪಿನಲ್ಲಿ ಅದೇ ಆಟದ ಪ್ಲೇಸ್ಟೇಷನ್ ಡಿಸ್ಕ್ ನಾಲ್ಕನೆಯ ಮನೆಗೆ ಹೋಗಿತ್ತು.

ಹಾಗಾದರೆ ಪಿಸಿಯವರು ಒಬ್ಬರಿಗೊಬ್ಬರು ಏನು ಕೊಡುತ್ತಾರೆ? ತಿಳಿವಳಿಕೆ ಕೊಡುತ್ತಾರೆ. ಅದೇ ಜೀನ್ಸ್ ಘಟಕದ ಹುಡುಗ ಮುಂದೆ ಮೂವರು ಗೆಳೆಯರ ಹಳೆಯ ಕಂಪ್ಯೂಟರ್‌ಗಳಲ್ಲಿ ಆ ಆಟ ಓಡುವಂತೆ ಮಾಡಲು, ಸೆಟ್ಟಿಂಗ್ಸ್ ಕಡತವನ್ನು ತೆರೆದು ಒಂದೊಂದು ಸಾಲು ಬದಲಿಸುತ್ತ ಎರಡು ರಾತ್ರಿ ಕಳೆದ. ಪಿಸಿ ಬಳಗದ ಮೂಲ ಗುಣವೇ ಇದು. ಕೌಂಟರ್-ಸ್ಟ್ರೈಕ್ ಹುಟ್ಟಿದ್ದು ಕಂಪನಿಯೊಳಗಲ್ಲ. 1999ರಲ್ಲಿ ಇಬ್ಬರು ಹವ್ಯಾಸಿಗಳು ಹಾಫ್-ಲೈಫ್ ಎಂಬ ಆಟವನ್ನು ಬಿಚ್ಚಿ ತಿದ್ದಿ ಅದನ್ನು ಮಾಡಿದರು, ಹಾಫ್-ಲೈಫ್ ತಯಾರಿಸಿದ ವಾಲ್ವ್ ಸಂಸ್ಥೆ ಆಮೇಲೆ ಅದನ್ನು ತನ್ನದಾಗಿಸಿಕೊಂಡಿತು. ಡೋಟಾ ಎಂಬ ಆಟ ಕೂಡ ವಾರ್‌ಕ್ರಾಫ್ಟ್ 3 ಆಟದ ಮೇಲೆ ಆಟಗಾರರೇ ಕಟ್ಟಿದ್ದು. ಪ್ಲೇಸ್ಟೇಷನ್ನಿನಲ್ಲಿ ಹೀಗೆ ಬಿಚ್ಚಿ ತಿದ್ದಲು ಎಡೆಯಿಲ್ಲ, ಹಾಗಾಗಿ ಅಲ್ಲಿ ಅಂಥ ಮಾತುಕತೆಯೂ ಬೆಳೆಯುವುದಿಲ್ಲ.

ನಿಮ್ಮ ತಮ್ಮನ ವಿಷಯ ಓದಿದಾಗ ನನಗೆ ನೆನಪಾದವನು ಕೌಲ್ ಬಜಾರ್ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ. ಎರಡು ತಿಂಗಳು ಬಂದರೂ ಯಾರೊಂದಿಗೂ ಮಾತಾಡಿರಲಿಲ್ಲ. ನಮ್ಮೂರಿನ ಕೆಂಪು ಅದಿರಿನ ಧೂಳು ನಿಮಗೆ ಗೊತ್ತಿರಬಹುದು. ಬೇಸಿಗೆಯಲ್ಲಿ ಹದಿನೈದು ದಿನ ಬಿಟ್ಟರೆ ಕಂಪ್ಯೂಟರಿನ ಪೆಟ್ಟಿಗೆಯ (ಕ್ಯಾಬಿನೆಟ್) ಒಳಗಿನ ಫ್ಯಾನಿನ ರೆಕ್ಕೆಗಳ ಮೇಲೆ ಕುಂಕುಮ ಹಚ್ಚಿದಂತೆ ಕೂತುಬಿಡುತ್ತದೆ. ಒಂದು ದಿನ ಆಟದ ನಡುವೆ ಕಂಪ್ಯೂಟರ್ ಬಿಸಿಯಾಗಿ ತಾನಾಗಿ ಆರಿತು. ಆ ಹುಡುಗ ಎದ್ದು ಬಂದು, ನನ್ನ ಅನುಮತಿ ಕೇಳಿ, ಪಕ್ಕದ ತಗಡನ್ನು ತೆಗೆದು, ಫ್ಯಾನ್ ತಿರುಗದಂತೆ ಒಂದು ಬೆರಳಿನಿಂದ ಹಿಡಿದು, ಬಣ್ಣ ಬಳಿಯುವ ಸಣ್ಣ ಬ್ರಷ್‌ನಿಂದ ರೆಕ್ಕೆ ರೆಕ್ಕೆ ಒರೆಸಿದ. ಅವತ್ತಿನಿಂದ ಎಡಗಡೆಯ ಎಂಟೂ ಜನ ಅವನನ್ನು ಹೆಸರು ಹಿಡಿದು ಕರೆಯತೊಡಗಿದರು. ಮಾತಿನಿಂದ ಬಳಗ ಕಟ್ಟಿಕೊಳ್ಳಲಾಗದವನಿಗೆ ಕೈಕೆಲಸದಿಂದ ಕಟ್ಟಿಕೊಳ್ಳುವ ದಾರಿ ಪಿಸಿಯಲ್ಲಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಷ್ಟಾದರೂ ಮನೆಯಲ್ಲಿ ಒಬ್ಬನೇ ಬಾಗಿಲು ಹಾಕಿಕೊಂಡು ಕೂರುವ ದಾರಿಯೂ ಅದರಲ್ಲಿಯೇ ಇದೆ, ಅದನ್ನೂ ನೀವು ಗಮನಿಸಬೇಕು.

ರಾಯಚೂರಿನ ಶಕ್ತಿನಗರದಿಂದ:

ಬಳ್ಳಾರಿಯ ಅಣ್ಣನವರು ಡಿಸ್ಕ್ ಬಗ್ಗೆ ಬರೆದಿದ್ದನ್ನು ನಾನು ಮುಂದುವರಿಸುತ್ತೇನೆ. ನಮ್ಮ ಕಾಲೊನಿಯಲ್ಲಿ ನಾವು ಆರು ಮನೆಯವರು 2016ರಿಂದ ಡಿಸ್ಕ್‌ಗಳನ್ನು ಸರದಿಯಂತೆ ಹಂಚಿಕೊಳ್ಳುತ್ತ ಬಂದಿದ್ದೇವೆ. ಒಂದು ಆಟದ ಬೆಲೆ ನಾಲ್ಕೈದು ಸಾವಿರ ರೂಪಾಯಿವರೆಗೂ ಇರುವಾಗ ಒಬ್ಬೊಬ್ಬರೂ ಎಲ್ಲವನ್ನೂ ಕೊಳ್ಳುವುದು ಆಗದ ಮಾತು. ಆದ್ದರಿಂದ ಒಬ್ಬೊಬ್ಬರು ಒಂದೊಂದನ್ನು ಕೊಂಡು, ಯಾರ ಡಿಸ್ಕ್ ಯಾರ ಮನೆಯಲ್ಲಿದೆ ಎಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ಡಿಸ್ಕ್ ಕೈಗೆ ಬಂದ ಕೂಡಲೇ ತಿರುಗಿಸಿ ಟ್ಯೂಬ್‌ಲೈಟಿಗೆ ಹಿಡಿದು, ಗೀರು ಬಿದ್ದಿದ್ದರೆ ಕೊಟ್ಟವರ ಎದುರಿಗೇ ತೋರಿಸಿ ಬರೆದುಕೊಳ್ಳುವುದು ಪದ್ಧತಿ. ಇನ್ನೊಂದು ಕಟ್ಟುನಿಟ್ಟು ಕೂಡ ತಾನಾಗಿ ಬೆಳೆಯಿತು. ಆಟ ಮುಗಿಸಿದವನು ಸರದಿಯಲ್ಲಿ ಕೊನೆಯವನು ಮುಗಿಸುವವರೆಗೆ ಕತೆಯ ಅಂತ್ಯವನ್ನು ಬಾಯಿಬಿಡಬಾರದು. ಒಮ್ಮೆ ಒಬ್ಬರು ಮರೆತು ಹೇಳಿಬಿಟ್ಟಾಗ ಆ ಮನೆಯ ಹುಡುಗ ಡಿಸ್ಕನ್ನು ಮುಟ್ಟದೆಯೇ ಮುಂದಿನವರಿಗೆ ಕಳಿಸಿದ; ಆ ಬೇಸರ ತಿಂಗಳುಗಟ್ಟಲೆ ಉಳಿಯಿತು.

ನನ್ನ ಬಳಿ ಎರಡು ವರ್ಷ ಪಿಸಿಯೂ ಇತ್ತು. ಆ ಬಳಗದಲ್ಲಿ ನನಗೆ ಹಿಡಿಸದ ಸಂಗತಿಯೆಂದರೆ ಮಾತಿನ ಅರ್ಧ ಭಾಗ ಆಟದ ಬಗ್ಗೆ ಅಲ್ಲ, ಯಂತ್ರದ ಬಗ್ಗೆ. ಯಾವ ಗ್ರಾಫಿಕ್ಸ್ ಕಾರ್ಡ್, ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವಾಗ ಕಡಿಮೆ ದುಡ್ಡಿನವನಿಗೆ ಸಂಕೋಚವಾಗುತ್ತದೆ. ಪಿಸಿಯವರೇ ಮೇಲು ಜನಾಂಗ ಎಂಬರ್ಥದ ಪಿಸಿ ಮಾಸ್ಟರ್ ರೇಸ್ ಎಂಬ ಮಾತನ್ನು 2008ರಲ್ಲಿ ಒಬ್ಬ ವಿಮರ್ಶಕರು ಪಿಸಿಯವರ ಜಂಭವನ್ನು ಅಣಕಿಸಲು ಬಳಸಿದ್ದರು. ಆಮೇಲೆ ಪಿಸಿ ಆಟಗಾರರೇ ಅದನ್ನು ಬಿರುದಿನಂತೆ ಹೊತ್ತುಕೊಂಡರು. ಪ್ಲೇಸ್ಟೇಷನ್ನಿನಲ್ಲಿ ಆರೂ ಮನೆಯ ಯಂತ್ರದ ಶಕ್ತಿ ಒಂದೇ, ಆದ್ದರಿಂದ ಈ ಪ್ರಶ್ನೆಯೇ ಏಳುವುದಿಲ್ಲ. ನಮ್ಮಲ್ಲಿ ಪೈಪೋಟಿ ಇರುವುದು ಒಂದು ಆಟದ ಉಳಿದೆಲ್ಲ ಟ್ರೋಫಿ ಗಳಿಸಿದವರಿಗೆ ಸಿಗುವ ಪ್ಲಾಟಿನಂ ಟ್ರೋಫಿಯ ವಿಷಯದಲ್ಲಿ, ಅದು ದುಡ್ಡಿಗೆ ಬರುವಂಥದ್ದಲ್ಲ.

ಅಕ್ಕನವರೇ, ಪ್ಲೇಸ್ಟೇಷನ್ ಕೊಳ್ಳುವುದಾದರೆ ಡಿಸ್ಕ್ ಹಾಕುವ ಮಾದರಿಯನ್ನೇ ಕೊಳ್ಳಿರಿ. ಡಿಜಿಟಲ್ ಮಾದರಿ ಅಗ್ಗ, ಆದರೆ ಅದರಲ್ಲಿ ಡಿಸ್ಕ್ ಹಾಕುವ ಜಾಗವಿಲ್ಲ; ಡಿಸ್ಕ್ ಡ್ರೈವನ್ನು ಬೇರೆಯಾಗಿ ಕೊಂಡು ಜೋಡಿಸದ ಹೊರತು ಅದನ್ನು ಕೊಂಡವನು ನಮ್ಮಂಥ ಸರದಿಗೆ ಸೇರಲಾರ. ಆನ್‌ಲೈನ್ ಆಟಕ್ಕೆ ಪಿಎಸ್ ಪ್ಲಸ್ ಎಂಬ ಪ್ಲೇಸ್ಟೇಷನ್ ಚಂದಾ ಬೇಕಾಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಫೋರ್ಟ್‌ನೈಟ್‌ನಂಥ ಉಚಿತ ಆಟಗಳಿಗೆ ಮಾತ್ರ ಅದು ಬೇಕಿಲ್ಲ.

ಸಿಂಧನೂರಿನಿಂದ:

ನೀವಿಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಕಾಲೊನಿಯಲ್ಲಿ ಇರುವವರ ಬಗ್ಗೆ ಬರೆದಿದ್ದೀರಿ. ನಾನು ಹೆಣ್ಣುಮಗಳು, ಸೆಂಟರ್‌ಗೆ ಹೋಗಿ ಬೆಂಚಿನ ಮೇಲೆ ಕೂರುವ ಅವಕಾಶ ನನಗೆ ಸಿಗಲಿಲ್ಲ. ನನಗೆ ಬಳಗ ದೊರೆತದ್ದು ಪಿಸಿಯಲ್ಲಿ, ವ್ಯಾಲೊರಂಟ್ ಆಟದಲ್ಲಿ, 2020ರ ಲಾಕ್‌ಡೌನ್ ವರ್ಷದಲ್ಲಿ. ಅದರ ಒಳಿತು ಕೆಡುಕು ಎರಡನ್ನೂ ಹೇಳುವುದು ಕರ್ತವ್ಯವೆಂದು ಭಾವಿಸುತ್ತೇನೆ.

ವ್ಯಾಲೊರಂಟ್ ಐವರ ತಂಡದ, ಗುಂಡು ಹಾರಿಸುವ ಆಟ. ಮುಂಬೈ ಸರ್ವರ್‌ನಲ್ಲಿ ಗುರುತಿಲ್ಲದ ನಾಲ್ವರೊಂದಿಗೆ ಆಡುವಾಗ ಮಾತೆಲ್ಲ ಹಿಂದಿಯಲ್ಲಿ ನಡೆಯುತ್ತದೆ. ಮೈಕ್‌ನಲ್ಲಿ ನನ್ನ ಧ್ವನಿ ಕೇಳಿದ ಕ್ಷಣವೇ ಕೆಲವರು ಆಟ ಬಿಟ್ಟು ಬೇರೆ ಮಾತು ಆರಂಭಿಸುತ್ತಿದ್ದರು, ಇನ್ನು ಕೆಲವರು ಬೈಯುತ್ತಿದ್ದರು. ಮೊದಲ ಆರು ತಿಂಗಳು ನಾನು ಮೈಕ್ ಮುಚ್ಚಿಕೊಂಡೇ ಆಡಿದೆ. ಆಮೇಲೆ ಬೈದವರನ್ನು ಆ ಕ್ಷಣವೇ ಮ್ಯೂಟ್ ಮಾಡಿ, ಆಟ ಮುಗಿದ ಮೇಲೆ ದೂರು ದಾಖಲಿಸುವುದನ್ನು ರೂಢಿಸಿಕೊಂಡೆ. ನಿಮ್ಮ ತಮ್ಮನಿಗೆ ಮೊದಲ ದಿನವೇ ಈ ಎರಡು ಗುಂಡಿಗಳು ಎಲ್ಲಿವೆ ಎಂಬುದನ್ನು ತೋರಿಸಬೇಕು. ಮೆತ್ತನೆಯ ಸ್ವಭಾವದ ಹುಡುಗರು ಬೈಗುಳವನ್ನು ಮನಸ್ಸಿಗೆ ಹಚ್ಚಿಕೊಂಡು ಮನೆಯವರಿಗೂ ಹೇಳದೆ ಕೂರುತ್ತಾರೆ.

ಒಳಿತೂ ಅಲ್ಲಿಯೇ ಬಂತು. ಒಂದು ರಾತ್ರಿ ಆಟ ಸೋಲುವ ಹೊತ್ತಿಗೆ ತಂಡದಲ್ಲೊಬ್ಬ ತನಗೆ ತಾನೇ "ಹೋಗ್ಲಿ ಬಿಡಪಾ, ಊಟನಾರ ಮಾಡೋಣು" ಎಂದ. ನಾನು ಮೈಕ್ ತೆರೆದು "ಯಾವೂರ್ರೀ?" ಎಂದು ಕೇಳಿದೆ. ಅವನು ಲಿಂಗಸೂಗೂರಿನವನು. ಅವನಿಂದ ಮಾನ್ವಿಯ ಇಬ್ಬರು, ಅವರಿಂದ ಧಾರವಾಡದಲ್ಲಿ ಓದುತ್ತಿದ್ದ ಒಬ್ಬಳು ಪರಿಚಯವಾಗಿ, ಆಡುತ್ತ ಮಾತಾಡಿಕೊಳ್ಳುವ ಡಿಸ್ಕಾರ್ಡ್ ಆಪ್‌ನಲ್ಲಿ ನಮ್ಮದೇ ಐವರ ಕೋಣೆಯಾಯಿತು. ಐವರೂ ಒಂದೇ ಕಡೆ ಸೇರಿದ್ದು ಒಮ್ಮೆ ಮಾತ್ರ, ಅದೂ ಅವಳ ಮದುವೆಯಲ್ಲಿ. ಪ್ಲೇಸ್ಟೇಷನ್ ಇರುವ ನನ್ನ ಸೋದರಮಾವನ ಮಕ್ಕಳು ಹೆಚ್ಚಾಗಿ ಮೊದಲೇ ಪರಿಚಯವಿದ್ದವರೊಂದಿಗೆ ಪಾರ್ಟಿ ಎಂಬ ಮಾತಿನ ಗುಂಪು ಮಾಡಿಕೊಂಡು ಮಾತಾಡುತ್ತಾರೆ, ಆದ್ದರಿಂದ ಅವರಿಗೆ ಬೈಗುಳವೂ ಕಡಿಮೆ, ಹೊಸ ಪರಿಚಯವೂ ಕಡಿಮೆ.

ಗಂಗಾವತಿಯಿಂದ:

ಒಂದು ತಾಂತ್ರಿಕ ಅಂಶವನ್ನು ಸೇರಿಸುತ್ತೇನೆ. ಈಗ ಅನೇಕ ಆಟಗಳಲ್ಲಿ ಪಿಸಿಯವರೂ ಕನ್ಸೋಲ್‌ನವರೂ ಒಟ್ಟಿಗೆ ಆಡಬಹುದು. ಇದಕ್ಕೆ ಬಹಳ ಕಾಲ ಒಪ್ಪದಿದ್ದ, ಪ್ಲೇಸ್ಟೇಷನ್ ತಯಾರಿಸುವ ಸೋನಿ 2018ರ ಸೆಪ್ಟೆಂಬರ್‌ನಲ್ಲಿ ಫೋರ್ಟ್‌ನೈಟ್ ಮೂಲಕ ಬಾಗಿಲು ತೆರೆಯಿತು. ಫುಟ್‌ಬಾಲ್ ಆಟವಾದ ಫಿಫಾ 23ರಿಂದ ಪಿಎಸ್5 (ಪ್ಲೇಸ್ಟೇಷನ್ 5), ಹೊಸ ಎಕ್ಸ್‌ಬಾಕ್ಸ್ ಕನ್ಸೋಲ್ ಮತ್ತು ಪಿಸಿ ಒಟ್ಟುಗೂಡಿದವು. ಆದರೆ ಗುಂಡು ಹಾರಿಸುವ ಆಟಗಳಲ್ಲಿ ಎರಡು ಬಳಗಗಳ ಜಗಳ ನಿಂತಿಲ್ಲ. ಜಾಯ್‌ಸ್ಟಿಕ್ ಹಿಡಿದವರಿಗೆ ಗುರಿಯಿಡಲು ಆಟವೇ ನೆರವಾಗುತ್ತದೆ ಎಂದು ಪಿಸಿಯವರು ದೂರುತ್ತಾರೆ. ಪಿಸಿಯಲ್ಲಿ ಮೋಸದ ತಂತ್ರಾಂಶ ಹಾಕುವವರಿದ್ದಾರೆ ಎಂದು ಕನ್ಸೋಲ್‌ನವರು ದೂರುತ್ತಾರೆ. ಎರಡರಲ್ಲೂ ಹುರುಳಿದೆ. ವ್ಯಾಲೊರಂಟ್ 2024ರಲ್ಲಿ ಪಿಎಸ್5ಕ್ಕೂ ಬಂದಿತು, ಆದರೆ ಪಿಸಿಯವರನ್ನೂ ಕನ್ಸೋಲ್‌ನವರನ್ನೂ ಅದರಲ್ಲಿ ಒಂದೇ ಪಂದ್ಯಕ್ಕೆ ಬಿಡುವುದಿಲ್ಲ. ಹೀಗಾಗಿ ನಿಮ್ಮ ತಮ್ಮ ಯಾವ ಆಟವನ್ನು ಯಾರೊಂದಿಗೆ ಆಡಬೇಕೆಂದಿದ್ದಾನೆ, ಅವರ ಬಳಿ ಯಾವ ಯಂತ್ರವಿದೆ ಎಂಬುದನ್ನು ದುಡ್ಡು ಕೊಡುವ ಮೊದಲು ಅವನಿಂದಲೇ ಕೇಳಿ ತಿಳಿಯಿರಿ. ಪಿಸಿಯಾದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರುವುದನ್ನು ಖಚಿತಪಡಿಸಿಕೊಳ್ಳಿ. ವಿಂಡೋಸ್ 11ರಲ್ಲಿ ಅದಿಲ್ಲದೆ ವ್ಯಾಲೊರಂಟ್ ತೆರೆಯುವುದಿಲ್ಲ. ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಂಡ ಆಟ ಹಿಡಿಸದಿದ್ದರೆ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಪಡೆಯಬಹುದು.

ಕೊಪ್ಪಳದಿಂದ, ಕೇಳಿದವರು:

ಎಲ್ಲರಿಗೂ ವಂದನೆಗಳು. ನಿನ್ನೆ ಊಟಕ್ಕೆ ಕೂತಾಗ ಗಂಗಾವತಿಯವರು ಹೇಳಿದ ಪ್ರಶ್ನೆಯನ್ನೇ ತಮ್ಮನಿಗೆ ಕೇಳಿದೆ. ಹುಬ್ಬಳ್ಳಿಗೆ ಹೋಗುವ ಇಬ್ಬರ ಬಳಿಯೂ ಬೆಂಗಳೂರಿಗೆ ಹೋಗುವವನ ಬಳಿಯೂ ಲ್ಯಾಪ್‌ಟಾಪ್ ಇದೆಯಂತೆ; ರಾತ್ರಿ ಒಂಬತ್ತರ ಮೇಲೆ ನಾಲ್ವರೂ ವ್ಯಾಲೊರಂಟ್‌ನಲ್ಲಿ ಸೇರಬೇಕೆಂದು ಆಗಲೇ ಮಾತಾಡಿಕೊಂಡಿದ್ದಾರಂತೆ. ಇಷ್ಟನ್ನು ಅವನು ನನಗೆ ಹೇಳಿಯೇ ಇರಲಿಲ್ಲ. ಪಿಸಿಯನ್ನೇ ಜೋಡಿಸಿಕೊಡಲು ನಿರ್ಧರಿಸಿದ್ದೇನೆ, ಅದನ್ನು ಅವನ ಕೋಣೆಯಲ್ಲಿ ಇಡದೆ ಪಡಸಾಲೆಯಲ್ಲಿ ಇಡುತ್ತೇನೆ. ಬಳ್ಳಾರಿಯ ಅಣ್ಣನವರಲ್ಲಿ ಒಂದು ಕೋರಿಕೆ ಇದೆ. ನಮ್ಮ ಮನೆಯೂ ಕಾರ್ಖಾನೆಗಳ ಧೂಳು ಬೀಳುವ ದಿಕ್ಕಿನಲ್ಲೇ ಇದೆ. ಬರುವ ಭಾನುವಾರ ಬಿಡಿಭಾಗಗಳನ್ನು ನೋಡಲು ರೈಲಿನಲ್ಲಿ ಬಳ್ಳಾರಿಗೆ ಬರುತ್ತಿದ್ದೇವೆ; ನಿಮಗೆ ಬಿಡುವಿದ್ದರೆ ಕ್ಯಾಬಿನೆಟ್ ಬಿಚ್ಚಿ ಫ್ಯಾನ್ ಒರೆಸುವುದನ್ನು ಅವನಿಗೆ ಒಮ್ಮೆ ಕೈಹಿಡಿದು ತೋರಿಸಿಕೊಡುವಿರಾ?